ಡೆಕ್ ಕೆಳಗೆ ಒಣ ಜಾಗ ಬೇಕಾದರೆ ಖರ್ಚು ಎಲ್ಲಾಗುತ್ತೆ?

ಡೆಕ್ ಅಂದರೆ ಮನೆಗೆ ತಾಗಿಸಿ ಎತ್ತರದಲ್ಲಿ ಕಟ್ಟುವ ಮರದ ಜಗಲಿ. ಅದರ ಹಲಗೆಗಳ ಮಧ್ಯೆ ಸಂದು ಇರಲೇಬೇಕು, ಇಲ್ಲದಿದ್ದರೆ ನೀರು ನಿಂತು ಮರ ಕೊಳೆಯುತ್ತದೆ. ಮಳೆನೀರು ಕೆಳಗೆ ಸುರಿಯುವುದೂ ಆ ಸಂದಿನಿಂದಲೇ.

ಹೊಸದಾಗಿ ಕಟ್ಟಿಸುತ್ತಿದ್ದರೆ ಹಲಗೆ ಹಾಕುವ ಮೊದಲೇ ತೊಲೆಗಳ ಮೇಲೆ ರಬ್ಬರ್ ಹಾಳೆ ಹಾಸಿಸಿಬಿಡಿ. ಎರಡೆರಡು ತೊಲೆಗಳ ನಡುವೆ ಅದು ದೋಣಿಯ ಹಾಗೆ ಜೋತು, ನೀರನ್ನು ತುದಿಯ ಪೈಪಿಗೆ ಸಾಗಿಸುತ್ತದೆ, ತೊಲೆಗಳೂ ಒಣಗಿರುತ್ತವೆ. ಹಳೇ ಡೆಕ್ಕಿಗೆ ಇದನ್ನೇ ಮಾಡಲು ಹೋದರೆ ಪ್ರತಿ ಹಲಗೆಯ ಸ್ಕ್ರೂ ಬಿಚ್ಚಬೇಕು, ಕೆಲವು ಸೀಳುತ್ತವೆ, ಕೂಲಿ ಸಾಮಾನಿಗಿಂತ ಜಾಸ್ತಿಯಾಗಬಹುದು.

ಅದಕ್ಕೇ ಹಳೇದಕ್ಕೆ ತೊಲೆಗಳ ಕೆಳಗೆ ಶೀಟ್ ಹೊಡೆಸುವುದು ಅಗ್ಗ. ಆದರೆ ತೊಲೆ ನೆನೆಯುವುದು ನಿಲ್ಲಲ್ಲ, ಅಲ್ವಾ? ಶೀಟ್ ಮುಚ್ಚಿದ ಮೇಲೆ ಕೊಳೆತರೂ ಕಾಣಲ್ಲ. ನಾನು ಸುಮ್ನೆ ಗೋಡೆ ಪಕ್ಕದ ತೊಲೆಗೆ ಸ್ಕ್ರೂಡ್ರೈವರ್ ಒತ್ತಿ ನೋಡಿದೆ, ಅರ್ಧ ಇಂಚು ಮೆತ್ತಗೆ ಒಳಗೆ ಹೋಯಿತು. ಮೊದಲು ಆ ತೊಲೆ ಬದಲಾಯಿಸಿದೆವು.

ಶೀಟಿನ ಇಳಿಜಾರು ಪ್ರತಿ ಅಡಿಗೆ ಕಾಲು ಇಂಚು ಇದ್ದರೆ ಒಳ್ಳೆಯದು. 12 ಅಡಿಗೆ 3 ಇಂಚು ಎತ್ತರ ಹೋಯಿತು. ಡೆಕ್ ತಗ್ಗಾಗಿದ್ದರೆ ತಲೆ ತಾಗುತ್ತದೆ, ಆ ಖರ್ಚು ಬೇಡವೇ ಬೇಡ. ಕೆಳಗೆ ಲೈಟು, ನೆಲ ಬೇಕೆಂದರೆ ಅದರ ಲೆಕ್ಕವೇ ಬೇರೆ.