ಯಾರ ಕಡೆಯಿಂದ ಬಂತು?

“ಮನೆಯಲ್ಲಿ ಯಾರಿಗಾದರೂ ಹಿಂದೆ ಹೀಗಾಗಿತ್ತಾ?” ಡಾಕ್ಟರು ಕೇಳಿದ್ದು ಇಷ್ಟೇ. ಅಮ್ಮ ಥಟ್ಟನೆ ಅಪ್ಪನ ಮುಖ ನೋಡಿದಳು. ಅಪ್ಪ ಅಮ್ಮನದನ್ನು. ಖಿನ್ನತೆಗೆಂದು ತೋರಿಸಲು ಕರೆದೊಯ್ದಿದ್ದ ತಮ್ಮ ನಡುವೆ ಕೂತು ತನ್ನ ಚಪ್ಪಲಿ ನೋಡುತ್ತಿದ್ದ. ಮಂಗಳವಾರದಿಂದ ಆ ನೋಟ ನನ್ನ ಕಣ್ಣಿನಿಂದ ಮರೆಯಾಗುತ್ತಿಲ್ಲ.

ಚಿಕ್ಕಪ್ಪನ ಸುದ್ದಿಯನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಅಮ್ಮನ ಸೋದರತ್ತೆಯದೂ ಅಷ್ಟೇ. ಇಬ್ಬರೂ ಒಳಗೊಳಗೇ ಲೆಕ್ಕ ಹಾಕಿ, ಒಟ್ಟಿಗೇ “ಇಲ್ಲ” ಅಂದರು. ಮದುವೆಯಾದಾಗಿನಿಂದ ಇವರಿಬ್ಬರೂ ಒಪ್ಪಿದ ಮೊದಲ ಮಾತು ಅದೇ ಇರಬೇಕು.

“ಸರ್, ಎರಡು ವರ್ಷದಿಂದ ನೈಟ್ ಶಿಫ್ಟು…” ಎಂದು ತಮ್ಮ ಶುರುಮಾಡಿದ. ಚೀಟಿ ಬರೆಯುತ್ತಿದ್ದ ಪೆನ್ನು ನಿಲ್ಲಲಿಲ್ಲ. “ಮೆದುಳಲ್ಲಿ ಸೆರೊಟೋನಿನ್ ಕಮ್ಮಿಯಾಗಿದೆ, ಅಷ್ಟೇ. ಶುಗರ್‌ಗೆ ಮಾತ್ರೆ ತಗೊಳ್ಳಲ್ವಾ, ಹಾಗೆ.”

ಅಮ್ಮನ ಮುಖ ಅರಳಿತು. ಯಾರ ಕಡೆಯಿಂದಲೂ ಬಂದಿಲ್ಲ, ಕೆಮಿಕಲ್ಲು!

ಆ ನೆಮ್ಮದಿ ಕೆಡಿಸಲು ನನಗೂ ಮನಸ್ಸಿಲ್ಲ. ಆದರೆ ಶುಗರ್ ಅಂದರೆ ರಕ್ತ ತೆಗೆದು ಅಳೆಯುತ್ತಾರೆ. ಇವನ ಸೆರೊಟೋನಿನ್ ಅಳೆದವರು ಯಾರು? ಅದು ಕಮ್ಮಿಯಾಗಿ ಖಿನ್ನತೆ ಬರುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗುತ್ತಿಲ್ಲ ಎಂದು ದಶಕಗಳ ಅಧ್ಯಯನಗಳನ್ನು ಜಾಲಾಡಿದ 2022ರ ವಿಮರ್ಶೆಯೇ ಹೇಳಿದೆ. ಥೈರಾಯ್ಡ್ ಕಮ್ಮಿಯಾದರೂ, ಬಿ12 ಕಮ್ಮಿಯಾದರೂ ಇದೇ ಮಂಕು ಕವಿಯಬಹುದು. ಅಳೆಯಲು ಬರುವುದು ಅವು. ಅವನ್ನು ಬರೆದುಕೊಡಲಿಲ್ಲ.

ಮಾತ್ರೆ ಸುಳ್ಳು ಅನ್ನುತ್ತಿಲ್ಲ. ಲಿಥಿಯಂ ಎಂಬ ಔಷಧ ಉನ್ಮಾದವನ್ನು ತಗ್ಗಿಸುತ್ತದೆ ಎಂದು ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ವರದಿ ಮಾಡಿದ್ದು 1949ರಲ್ಲಿ. ಅದು ಹೇಗೆ ಕೆಲಸ ಮಾಡುತ್ತದೆಂದು ಇಂದಿಗೂ ಪೂರ್ತಿ ತಿಳಿದಿಲ್ಲ, ಆದರೂ ಎಷ್ಟೋ ಜನ ಅದರಿಂದಲೇ ನೆಟ್ಟಗಿದ್ದಾರೆ. ನನ್ನ ತಕರಾರು ಪೆನ್ನಿನ ಮೇಲೆ. ಕಾರಣ ಮೆದುಳಲ್ಲಷ್ಟೇ ಇದೆ ಎಂದು ತೀರ್ಮಾನವಾದ ಮೇಲೆ ನಿದ್ದೆ, ಸಾಲ, ಒಂಟಿತನದ ಬಗ್ಗೆ ಕೇಳುವ ದರ್ದಾದರೂ ಯಾಕೆ ಬಂದೀತು? ದೇಹ, ಮನಸ್ಸು, ಸುತ್ತಲ ಬದುಕು ಮೂರನ್ನೂ ನೋಡಿ ಎಂದು ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲೇ ಬರೆದಿದ್ದರು. ಡಾಕ್ಟರು ಕೆಟ್ಟವರಲ್ಲ ಬಿಡಿ, ಹೊರಗೆ ಕಾಲಿಡಲು ಜಾಗವಿಲ್ಲದಷ್ಟು ಜನ ಕಾಯುತ್ತಿದ್ದರು.

ರಾತ್ರಿ ಅಪ್ಪನಿಗೆ ಹೇಳಿದೆ: ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇದ್ದರೂ ಅರ್ಧಕ್ಕರ್ಧ ಸಲ ಇನ್ನೊಬ್ಬರಿಗೆ ಬರುವುದಿಲ್ಲ, ವಂಶವೊಂದೇ ಕಾರಣವಲ್ಲ.

“ಇನ್ನರ್ಧ ಸಲ?” ಎಂದರು, ಟಿವಿಯಿಂದ ಕಣ್ಣು ತೆಗೆಯದೆ.

ನಿನ್ನೆ ತಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ: “ಅಕ್ಕಾ, ಮುಂದಿನ ಸಲ ನೈಟ್ ಶಿಫ್ಟ್ ವಿಷಯ ನೀನೇ ಹೇಳ್ತೀಯಾ? ನಾನು ಹೇಳಿದ್ರೆ ಬರ್ಕೊಳ್ಳಲ್ಲ.”

ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅದರ ಕೆಳಗೆ ಚಿಕ್ಕಪ್ಪನನ್ನೂ, ಸೋದರತ್ತೆಯನ್ನೂ.