ಸೂಳೆಕೆರೆ, ದಿನಕ್ಕೊಂದು ಚಿತ್ರ: ಐವತ್ತನೇ ದಿನದ ಲೆಕ್ಕ

ಮೇ 28, 2024

ಇವತ್ತು ಬೆಳಿಗ್ಗೆ ಕರಿಜಾಲಿ ಮರದಿಂದ ನೀರಿನ ಅಂಚಿಗೆ 212 ಹೆಜ್ಜೆ. ಯುಗಾದಿ ದಿನ ಇದೇ ಮರದಿಂದ ಎಣಿಸಿದಾಗ 90 ಇತ್ತು. ನಡುವಿನ ಐವತ್ತು ದಿನದಲ್ಲಿ 49 ಚಿತ್ರ ಉಳಿದಿವೆ. ಒಂದು ದಿನದ ಜಾಗ ಖಾಲಿ ಇದೆ, ಅದರ ಕಥೆ ಕೆಳಗೆ ಹೇಳುತ್ತೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಚನ್ನಗಿರಿ ತಾಲೂಕಿನ ಸೂಳೆಕೆರೆ ದಂಡೆಯ ಬೇಸಿಗೆಯನ್ನು ಏಪ್ರಿಲ್ 9ರ ಯುಗಾದಿಯಿಂದ ಜೂನ್ 7ರವರೆಗೆ, ಅಂದರೆ ಮೃಗಶಿರ ಮಳೆ ಹುಟ್ಟುವ ಹೊತ್ತಿನವರೆಗೆ, ದಿನಕ್ಕೊಂದು ಚಿತ್ರದಂತೆ ಹಿಡಿಯುವುದು ಅಂದುಕೊಂಡ ಕೆಲಸ. ಒಟ್ಟು ಅರವತ್ತು ದಿನ. ಒಂದೇ ಕ್ಯಾಮೆರಾ, ಒಂದೇ 50 ಎಂಎಂ ಲೆನ್ಸ್. ಎಷ್ಟು ಸಲ ಕ್ಲಿಕ್ಕಿಸಿದರೂ ರಾತ್ರಿ ಮಲಗುವ ಮುಂಚೆ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಅಳಿಸಬೇಕು.

ಮೊದಲ ವಾರ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಏರಿಯ ಮೇಲೆ ನಿಂತು ಇಡೀ ಕೆರೆಯನ್ನು ಹಿಡಿಯಲು ನೋಡಿದೆ. ತುಂಬಿದಾಗ ಸುಮಾರು 6,500 ಎಕರೆ ಹರಡಿಕೊಳ್ಳುವ ನೀರು. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಎಂದು ನಮ್ಮ ಕಡೆ ಚಿಕ್ಕ ಮಕ್ಕಳೂ ಹೇಳುತ್ತಾರೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಹಾಕಿದ ಏರಿ ಮಾತ್ರ ಕೆರೆಯ ಗಾತ್ರಕ್ಕೆ ಹೋಲಿಸಿದರೆ ತೀರಾ ಗಿಡ್ಡ. ಹೊಸಬರು ಬಂದರೆ ‘ಇಷ್ಟೇನಾ ಏರಿ?’ ಎಂದು ಕೇಳುತ್ತಾರೆ. ಕಟ್ಟಿದವರ ಜಾಣ್ಮೆ ಇರುವುದೇ ಅಲ್ಲಿ. ಎಲ್ಲಿ ಸ್ವಲ್ಪ ಕಟ್ಟಿದರೆ ಬಹಳ ನೀರು ನಿಲ್ಲುತ್ತದೆ ಎಂದು ನೆಲ ನೋಡಿ ಕಂಡುಕೊಂಡಿದ್ದಾರೆ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳು, ಜಾಗ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರೇ ಕೆರೆಗೆ ಉಳಿಯಬೇಕೆಂದು ಕೇಳಿದರು ಎಂಬುದು ಇಲ್ಲಿನವರ ಬಾಯಲ್ಲಿರುವ ಕಥೆ. ಕಾಗದದಲ್ಲಿ ಶಾಂತಿಸಾಗರ ಎಂದಾಗಿದೆ. ಆ ಹೆಣ್ಣುಮಕ್ಕಳು ಕೇಳಿದ್ದು ಅದೊಂದನ್ನೇ ಆದ್ದರಿಂದ ನಾನು ಸೂಳೆಕೆರೆ ಎಂದೇ ಬರೆಯುತ್ತೇನೆ.

ಮೂರನೇ ದಿನದ ಹಬ್ಬದ ಚಿತ್ರ ಬಿಟ್ಟು ಏರಿ ಮೇಲಿಂದ ತೆಗೆದ ಮಿಕ್ಕ ಆರು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಆರೂ ಒಂದೇ ಥರ. ನೀರು, ಗುಡ್ಡ, ಬಿಳಿಚಿಕೊಂಡ ಆಕಾಶ. ಬೇಸಿಗೆ ಅದರಲ್ಲಿ ಎಲ್ಲೂ ಇರಲಿಲ್ಲ. ಎಂಟನೇ ದಿನ ಏರಿ ಇಳಿದು ಕೆರೆಯ ಅಂಗಳಕ್ಕೆ, ಅಂದರೆ ನೀರು ಸರಿದು ಬಯಲಾದ ನೆಲಕ್ಕೆ ಹೋದೆ. ಅಲ್ಲಿಂದ ನೀರಿನ ಅಂಚೇ ನನ್ನ ಜಾಗವಾಯಿತು. ಅಂಚು ಹಿಂದೆ ಸರಿದಂತೆ ದನ ಕಾಯುವವರು, ಬಟ್ಟೆ ಒಗೆಯುವವರು, ತೆಪ್ಪ ಕಟ್ಟುವವರು, ಈಜುವ ಹುಡುಗರು ಎಲ್ಲರೂ ಅದರ ಹಿಂದೆಯೇ ಸರಿಯುತ್ತಾರೆ. ಹೋದ ವಾರ ಒಗೆಯುವ ಕಲ್ಲು ಇದ್ದ ಜಾಗದಲ್ಲಿ ಈ ವಾರ ಎಮ್ಮೆ ಮೇಯುತ್ತಿರುತ್ತದೆ. ಕಲ್ಲು ಮಾತ್ರ ಅಂಚಿನ ಬಳಿಗೆ ಉರುಳಿಕೊಂಡು ಹೋಗಿರುತ್ತದೆ.

ಈ ವರ್ಷ ಅಂಚು ಇಷ್ಟು ದೂರ ಹೋಗಿರುವುದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಹೋದ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಈ ಕೆರೆ ನೀರು ಚಿತ್ರದುರ್ಗದವರೆಗೆ ಕುಡಿಯಲು ಹೋಗುತ್ತದೆ. ಸಿದ್ಧನಾಲೆ, ಬಸವನಾಲೆಯ ಕೆಳಗಿನ ಅಚ್ಚುಕಟ್ಟು ಬೇರೆ ಇದೆ. ಮೇಲೆ ಬಿಸಿಲು. ಹನ್ನೊಂದನೇ ದಿನದ ಚಿತ್ರ ತೋಟದ್ದು: ಟ್ಯಾಂಕರಿನ ಪೈಪು ಅಡಿಕೆ ಮರದ ಬುಡದಲ್ಲಿದೆ, ಮೇಲೆ ಆಗಷ್ಟೇ ಒಡೆದ ಹಿಂಗಾರ. ನೀರು ತಪ್ಪಿದರೆ ಹರಳು, ಅಂದರೆ ಎಳೆಗಾಯಿ, ಉದುರುತ್ತದೆ, ಹರಳು ಉದುರಿದರೆ ಆ ವರ್ಷದ ಬೆಳೆಯೇ ಹೋದಂತೆ. ಹಣ ಕೊಟ್ಟು ಟ್ಯಾಂಕರ್ ತರಿಸಿದ್ದ ರೈತ ಪೈಪು ಹಿಡಿದು ಒಂದೊಂದು ಬುಡಕ್ಕೂ ಮನಸ್ಸಿನಲ್ಲೇ ಎಣಿಸಿ ಬಿಡುತ್ತಿದ್ದರು. ಇಪ್ಪತ್ತು ಎಣಿಸಿದರೆ ಮುಂದಿನ ಮರ. ನಾನು ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆಂದು ಸುಮ್ಮನೆ ನಿಂತಿದ್ದೆ.

ಹದಿನಾರನೇ ದಿನ, ಏಪ್ರಿಲ್ 24. ಖಾಲಿ ದಿನ ಇದೇ. ಬೆಳಗಿನ ಓರೆ ಬಿಸಿಲಿನಲ್ಲಿ ಒಬ್ಬರು ಕಲ್ಲಿಗೆ ಸೀರೆ ಬಡಿಯುತ್ತಿದ್ದರು, ಎದ್ದ ನೀರು ಬೆಳಕಿನಲ್ಲಿ ಕಮಾನಿನ ಹಾಗೆ ನಿಂತಿತ್ತು. ದೂರದಿಂದ ತೆಗೆದೆ, ಕೇಳಲಿಲ್ಲ. ಅಲ್ಲಿಯವರೆಗಿನ ಚಿತ್ರಗಳಲ್ಲಿ ಅದೇ ಅತ್ಯುತ್ತಮ. ಸಂಜೆ ಹೋಗಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ‘ಚಂದ ಐತಿ ತಮ್ಮಾ, ಆದ್ರ ನಾನು ಸೆರಗು ಸೊಂಟಕ್ಕ ಸಿಕ್ಕಿಸಿಕೊಂಡು ನಿಂತೀನಿ. ಬ್ಯಾಡ, ತಗದುಬಿಡು’ ಎಂದರು. ಅವರ ಎದುರಿಗೇ ಅಳಿಸಿದೆ. ಆ ದಿನದ ಜಾಗಕ್ಕೆ ಬೇರೆ ಚಿತ್ರ ತುಂಬಿಸುವುದು ನನಗೆ ಸರಿ ಅನಿಸಲಿಲ್ಲ. ಅಂದಿನಿಂದ ಮೊದಲು ಹೋಗಿ ಮಾತಾಡಿಸುತ್ತೇನೆ, ಆಮೇಲೆ ಕ್ಯಾಮೆರಾ. ಚಿತ್ರದಲ್ಲಿ ಯಾರ ಮುಖ ಇದೆಯೋ ಅವರ ಮನೆಗೆ ಒಂದು ಪ್ರಿಂಟು ಹೋಗಲೇಬೇಕು. ಇಲ್ಲಿಯವರೆಗೆ 23 ಕೊಟ್ಟಿದ್ದೇನೆ, ಇನ್ನು ಆರು ಬಾಕಿ.

ಕೇಳಿದರೆ ಸಹಜವಾಗಿ ಬರುವುದಿಲ್ಲ, ಜನ ಸೆಟೆದು ನಿಲ್ಲುತ್ತಾರೆ ಎಂದು ಹೇಳುವವರಿದ್ದಾರೆ. ಮೊದಲ ಹತ್ತು ನಿಮಿಷ ನಿಜ. ಆಮೇಲೆ ಕೆಲಸ ಅವರನ್ನು ಎಳೆದುಕೊಳ್ಳುತ್ತದೆ. ದಿನಾ ಹೋಗುವುದರ ಲಾಭವೂ ಇದೇ. ಈಗ ನಾನು ಬಂದರೆ ಯಾರೂ ತಲೆ ಎತ್ತುವುದಿಲ್ಲ.

ಇದಕ್ಕೆ ಕೆರೆಯಲ್ಲಿ ಮೀನು ಹಿಡಿಯುವ ಬಲೆ ಅಜ್ಜನಿಗಿಂತ ಬೇರೆ ಉದಾಹರಣೆ ಬೇಡ. ರಾತ್ರಿ ಬಲೆ ಬಿಟ್ಟು ನಸುಕಿಗೆ ತೆಪ್ಪ ದಂಡೆಗೆ ತರುತ್ತಾರೆ. ಕಾಟ್ಲಾ, ರೋಹು, ಜಿಲೇಬಿ. ನೀರು ಇಳಿದಾಗ ಮೀನು ಒಂದೆಡೆ ಕೂಡುವುದರಿಂದ ಸುಲಭವಾಗಿ ಸಿಗುತ್ತದೆ ಎಂದು ನಾನು ತಿಳಿದಿದ್ದೆ. ಸಿಗುತ್ತದೆ, ಆದರೆ ಕೆಸರಿನಲ್ಲಿ ಮುಳುಗಿದ ಜಾಲಿ ಮುಳ್ಳು ಬಲೆ ಹರಿಯುತ್ತದೆ. ಮೀನು ಹಿಡಿಯುವುದಕ್ಕಿಂತ ಬಲೆ ಹೊಲಿಯುವ ಹೊತ್ತೇ ಹೆಚ್ಚು. ಇಪ್ಪತ್ತೊಂಬತ್ತನೇ ದಿನ, ಮೇ 7, ಲೋಕಸಭೆ ಮತದಾನ. ಏಳು ಗಂಟೆಗೇ ವೋಟು ಹಾಕಿ ಬಂದು ಕೂತಿದ್ದರು. ಕಾಲಿನ ಹೆಬ್ಬೆರಳಿಗೆ ಬಲೆಯ ಒಂದು ಕಣ್ಣು ಸಿಕ್ಕಿಸಿ ಬಿಗಿಯಾಗಿ ಎಳೆದು, ಹರಿದ ಜಾಗವನ್ನು ಬೆರಳಿನಿಂದ ಹುಡುಕುತ್ತಿದ್ದರು. ಕಣ್ಣು ಮಂಜಾಗಿದೆ, ನೋಡಿ ಹುಡುಕುವುದಿಲ್ಲ. ಬೆರಳು ದಾರದ ಮೇಲೆ ಓಡುತ್ತಾ ಓಡುತ್ತಾ ಒಂದು ಕಡೆ ನಿಂತರೆ ಅಲ್ಲಿ ತೂತಿದೆ ಎಂದೇ ಅರ್ಥ. ಆ ಬೆರಳಿನ ಉಗುರಿನ ಮೇಲೆ ಆಗಷ್ಟೇ ಹಾಕಿಸಿಕೊಂಡ ಶಾಯಿಯ ಗೆರೆ. ಅಷ್ಟನ್ನೇ ಹಿಡಿದೆ: ಎರಡು ಕೈ, ಒಂದು ಕಾಲು, ನೀಲಿ ದಾರ, ಶಾಯಿ. ಈವರೆಗಿನ 49ರಲ್ಲಿ ಒಂದನ್ನು ಮಾತ್ರ ಇಟ್ಟುಕೊ ಎಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ.

ಹಬ್ಬದ ಚಿತ್ರಗಳು ಎರಡು. ಮೂರನೇ ದಿನ ರಂಜಾನ್. ಹೊಸ ಬಟ್ಟೆ ಹಾಕಿಕೊಂಡ ಮಕ್ಕಳು ಏರಿ ಮೇಲೆ ಸಾಲಾಗಿ ಕೂತು ಐಸ್ ಕ್ಯಾಂಡಿ ಚೀಪುತ್ತಿದ್ದಾರೆ, ಎಲ್ಲರೂ ಬಟ್ಟೆಗೆ ತಾಗದಂತೆ ಕುತ್ತಿಗೆ ಮುಂದೆ ಚಾಚಿದ್ದಾರೆ. ಮೂವತ್ತೆರಡನೇ ದಿನ ಬಸವ ಜಯಂತಿ. ಎತ್ತು ಮೈ ತೊಳೆಯಲು ಕೆರೆಗೆ ಇಳಿಸುವುದು ವಾಡಿಕೆ. ಈ ಸಲ ಅಂಚಿನಲ್ಲಿ ಮೊಳಕಾಲುದ್ದ ಕೆಸರು, ಎತ್ತು ಹೂತುಕೊಳ್ಳುತ್ತದೆಂಬ ಭಯ. ಹಾಗಾಗಿ ಹುಡುಗರು ಕೊಡಪಾನದಲ್ಲಿ ನೀರು ಹೊತ್ತು ತಂದು ಗಟ್ಟಿ ನೆಲದ ಮೇಲೆ ಎತ್ತುಗಳನ್ನು ತೊಳೆದರು.

ಬೆಳಕಿನ ಬಗ್ಗೆ, ಇದೇ ಕೆಲಸ ಮಾಡುವವರಿಗಾಗಿ. ಏಪ್ರಿಲ್‌ನಲ್ಲಿ ಎಂಟು ಗಂಟೆಯ ಮೇಲೆ ನೀರಿನ ಹೊಳಪು ಮಿಕ್ಕಿದ್ದೆಲ್ಲವನ್ನೂ ಕಪ್ಪು ಮಾಡುತ್ತದೆ. ಪೋಲರೈಸರ್ ಹಾಕಿದರೆ ಹೊಳಪು ಹೋಗಿ ಕೆಳಗಿನ ಕೆಸರಿನ ಬಣ್ಣ ಕಾಣುತ್ತದೆ. ಆದರೆ ನಡುಹಗಲಿನ ಚಿತ್ರವೂ ಬೇಕು, ಬೇಸಿಗೆ ಇರುವುದೇ ಆಗ. ಮಧ್ಯಾಹ್ನ ನಾನು ನೆರಳನ್ನು ಹುಡುಕುತ್ತೇನೆ. ತಲೆಕೆಳಗು ಮಾಡಿದ ತೆಪ್ಪದ ಅಡಿ ಮಲಗಿದ ನಾಯಿ, ಟ್ರ್ಯಾಕ್ಟರ್ ಟ್ರೇಲರಿನ ಕೆಳಗೆ ಊಟಕ್ಕೆ ಕೂತ ಹೂಳು ತುಂಬುವವರು. ನೆರಳಿಗೆ ಎಕ್ಸ್‌ಪೋಷರ್ ಹೊಂದಿಸಿ, ಹೊರಗಿನದು ಬೆಳ್ಳಗೆ ಸುಟ್ಟುಹೋಗಲಿ ಎಂದು ಬಿಟ್ಟರೆ ಆ ಬಿಸಿಲು ಇದ್ದ ಹಾಗೇ ಬರುತ್ತದೆ.

ಇನ್ನು ಈಗಿನ ಸುದ್ದಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ನಮ್ಮಲ್ಲಿ ಭರಣಿ ಮುಗಿಯುವ ಹೊತ್ತಿಗೆ ನಾಲ್ಕು ಹನಿ, ಕೃತ್ತಿಕೆಯಲ್ಲಿ ಎರಡು ಹದ ಮಳೆ. ಬಿರುಕು ಬಿಟ್ಟಿದ್ದ ಅಂಗಳ ಅಷ್ಟನ್ನೂ ಕುಡಿದುಬಿಟ್ಟಿತು. ಕೆರೆ ಏರಲಿಲ್ಲ, ಆದರೆ ಇಳಿಯುವುದು ನಿಂತಿತು. ಎಂಟು ದಿನದಿಂದ 212 ಹೆಜ್ಜೆಯಲ್ಲೇ ಇದೆ.

ಆ ಅಂಚಿನಿಂದ ಒಂಬತ್ತು ಹೆಜ್ಜೆ ಮೇಲೆ ಟಿಟ್ಟಿಭದ ಮೊಟ್ಟೆ ಇವೆ. ನಲವತ್ತನೇ ದಿನ ಸಿಕ್ಕವು. ಹಕ್ಕಿ ತಲೆ ಮೇಲೆ ಕಿರುಚುತ್ತಾ ಸುತ್ತಿದಾಗಲೇ ಗೊತ್ತಾದದ್ದು, ಇನ್ನೆರಡು ಹೆಜ್ಜೆ ಇಟ್ಟಿದ್ದರೆ ತುಳಿದೇಬಿಡುತ್ತಿದ್ದೆ. ಗೂಡೆಂದರೆ ಗೂಡೇನಿಲ್ಲ, ನೆಲದಲ್ಲಿ ಒಂದು ತಗ್ಗು, ಸುತ್ತ ಹರಳುಕಲ್ಲು. ನಾಲ್ಕು ಮೊಟ್ಟೆ, ಒಣಗಿದ ಕೆಸರಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ, ಚೂಪು ತುದಿ ಒಳಮುಖವಾಗಿ. ಮರುದಿನ ದೂರದಲ್ಲಿ ಕಲ್ಲಿನ ಮರೆಯಲ್ಲಿ ಒಂದೂವರೆ ಗಂಟೆ ಕೂತೆ. ಬಿಸಿಲು ಏರಿದಾಗ ಹಕ್ಕಿ ಎದ್ದು ನೀರಿಗೆ ಹೋಯಿತು. ಕುಡಿಯಲಿಲ್ಲ. ಹೊಟ್ಟೆಯ ಗರಿ ನೀರಿನಲ್ಲಿ ಅದ್ದಿ, ಮೈ ಕುಲುಕಿ, ಹಾಗೇ ನಡೆದು ಬಂದು ಮೊಟ್ಟೆಗಳ ಮೇಲೆ ಕೂತಿತು. ಒದ್ದೆ ಹೊಟ್ಟೆಯಿಂದ ಮೊಟ್ಟೆಗೆ ತಂಪು. ನಲವತ್ತೊಂದನೇ ದಿನದ ಚಿತ್ರ ಅದೇ: ಗರಿಯಿಂದ ಹನಿ ಇಳಿಯುತ್ತಿದೆ, ನೆಲದ ಮೇಲೆ ಅದು ನಡೆದು ಬಂದ ದಾರಿಯುದ್ದಕ್ಕೂ ಚುಕ್ಕೆ ಚುಕ್ಕೆ ಒದ್ದೆ. 50 ಎಂಎಂನಲ್ಲಿ ಹಕ್ಕಿ ಚಿಕ್ಕದಾಗಿ ಕಾಣುತ್ತದೆ. ಉದ್ದ ಲೆನ್ಸ್ ತರಬಹುದಿತ್ತು, ಆದರೆ ಹಾಕಿಕೊಂಡ ನಿಯಮ ಮುರಿಯಲು ಮನಸ್ಸಾಗಲಿಲ್ಲ. ಈಗ ನೋಡಿದರೆ ಸುತ್ತಲಿನ ಅಷ್ಟು ದೊಡ್ಡ ಬಿರುಕು ನೆಲ ಬಂದದ್ದೇ ಸರಿಯಾಯಿತು.

ಅಜ್ಜನಿಗೆ ಹೇಳಿದೆ. ಅವರು ಬಂದು ನೋಡಿ, ದನ ತುಳಿಯದ ಹಾಗೆ ಸುತ್ತ ನಾಲ್ಕು ಜಾಲಿ ಕೊಂಬೆ ಇಟ್ಟರು. ‘ದಿಬ್ಬದ ಮ್ಯಾಲೆ ಇಟ್ಟೈತಿ ನೋಡು, ಈ ಸಲ ಮಳೆ ಚಲೋ ಆಕ್ಕತಿ’ ಎಂದರು. ಮರಿ ಹೊರಬರಲು ಸುಮಾರು ನಾಲ್ಕು ವಾರ ಬೇಕು. ರೋಹಿಣಿ ಮಳೆ ಹುಟ್ಟಿ ಮೂರು ದಿನವಾಯಿತು. ಕೆರೆ ತುಂಬಲಿ ಎಂದು ಊರೇ ಕಾಯುತ್ತಿದೆ, ನಾನೂ ಕಾಯುತ್ತಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಆ ಒಂಬತ್ತು ಹೆಜ್ಜೆಯನ್ನೂ ಎಣಿಸುತ್ತೇನೆ.

ಇವತ್ತಿನ ಚಿತ್ರ: ನಾಲ್ಕು ಕೊಂಬೆ, ನಡುವೆ ಕೂತ ಹಕ್ಕಿ, ಹಿಂದೆ ತೆಪ್ಪ ಒತ್ತುತ್ತಿರುವ ಅಜ್ಜ, ಗುಡ್ಡದ ಮೇಲೆ ಮೋಡ. ಸಮಯ 6:20. ನಾಳೆ ಸಂಜೆ ಬಾಕಿ ಇರುವ ಆರು ಪ್ರಿಂಟು ಹಂಚಬೇಕು.