‘ನೆಲ ನಡುಗೂ ಮೊದ್ಲೇ ಹೇಳ್ತದೇನ?’

“ಯವ್ವಾ, ನಿನ್ನ ಮಷೀನು ನೆಲ ನಡುಗೂ ಮೊದ್ಲೇ ಹೇಳ್ತದೇನ?” ಐತವಾರ ಫೋನ್ ಮಾಡಿದರೆ ಅವ್ವ ಇದನ್ನು ಕೇಳದೆ ಬಿಡುವುದಿಲ್ಲ.

ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಹತ್ತಿರ ನಮ್ಮೂರು. 2021ರ ಅಕ್ಟೋಬರಿನಲ್ಲಿ ಭೂಮಿಯೊಳಗಿಂದ ಸದ್ದು ಬಂದು ನೆಲ ಮತ್ತೆ ಮತ್ತೆ ಅದುರಿದಾಗ ನಮ್ಮ ಮನೆಯವರೂ ಅಂಗಳದಲ್ಲಿ ತಾಡಪಾಲು ಕಟ್ಟಿಕೊಂಡು ಮಲಗಿದ್ದರು. 1993ರ ಸೆಪ್ಟೆಂಬರ್ 30ರ ನಸುಕಿನ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಅವ್ವನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅಲ್ಲಿ ಜನರ ಮೇಲೆ ಬಿದ್ದದ್ದು ಕಲ್ಲು-ಮಣ್ಣಿನ ಗೋಡೆಗಳು. ನಮ್ಮ ಮನೆಯದೂ ಅಂಥದೇ ಗೋಡೆ.

ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಸಿಲಿಕಾನ್ ಕೆತ್ತಿ ಕಂಪನ ಅಳೆಯುವ ಸೆನ್ಸರ್ ಮಾಡುತ್ತೇನೆ, ಮೆಮ್ಸ್ ಅನ್ನುತ್ತಾರೆ. ಜಂತಿಗೆ ಕಟ್ಟಿದ ತೊಟ್ಟಿಲನ್ನು ನೆನೆಸಿಕೊಳ್ಳಿ. ಜಂತಿ ತಟ್ಟನೆ ಸರಿದರೆ ತೊಟ್ಟಿಲು ಹಿಂದೆ ಉಳಿಯುತ್ತದೆ. ಇಲ್ಲಿ ತೊಟ್ಟಿಲೂ ಹಗ್ಗವೂ ಒಂದೇ ಸಿಲಿಕಾನ್ ತುಂಡು. ತೊಟ್ಟಿಲ ಅಂಚಿಗೆ ಬಾಚಣಿಗೆಯ ಹಲ್ಲು, ಎದುರಿನ ಬಾಚಣಿಗೆಯ ಹಲ್ಲುಗಳ ನಡುವೆ ಮುಟ್ಟದಂತೆ ಕೂತಿರುತ್ತವೆ. ಕೂದಲು ಸುಮಾರು 70 ಮೈಕ್ರಾನ್ ದಪ್ಪ ಇದ್ದರೆ ಈ ಸಂದು 2 ಮೈಕ್ರಾನ್. ಸಂದು ಬದಲಾದರೆ ಹಲ್ಲುಗಳು ವಿದ್ಯುತ್ತನ್ನು ಹಿಡಿದಿಡುವ ಶಕ್ತಿ (ಕೆಪ್ಯಾಸಿಟೆನ್ಸ್) ಬದಲಾಗುತ್ತದೆ, ಅದನ್ನೇ ಅಳೆಯುತ್ತೇವೆ. ಅದೇ ಹಲ್ಲುಗಳಿಗೆ ವೋಲ್ಟೇಜ್ ಕೊಟ್ಟು ತೊಟ್ಟಿಲನ್ನು ಮತ್ತೆ ಜಾಗಕ್ಕೆ ಎಳೆಯಲೂಬಹುದು.

ಮೊಬೈಲ್ ಅಡ್ಡ ಹಿಡಿದರೆ ಪರದೆ ತಿರುಗುವುದೂ ಇಂಥ ಸೆನ್ಸರಿನಿಂದಲೇ. ಆದರೆ ಅದಕ್ಕೆ ಕಿವಿ ಮಂದ. ತೊಟ್ಟಿಲು ತೀರಾ ಹಗುರ. ಗಾಳಿಯ ಅಣುಗಳು ಬಡಿದೇ ಅಲುಗಾಡುತ್ತದೆ, ಸಣ್ಣ ಕಂಪನ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ತೊಟ್ಟಿಲು ಭಾರ ಆಗಬೇಕು, ಹಗ್ಗ ಮೆದು ಆಗಬೇಕು. ಆಗದ ಮಾತಲ್ಲ: ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಮಾಡಿದ ಸಿಲಿಕಾನ್ ಸೆನ್ಸರ್‌ಗಳು 2018ರಲ್ಲಿ ಇನ್‌ಸೈಟ್ ನೌಕೆಯ ಜೊತೆ ಮಂಗಳದಲ್ಲಿ ಇಳಿದವು.

ಕಷ್ಟವಿರುವುದು ಮೆದು ಹಗ್ಗದಲ್ಲೇ. ಮೊದಲ ವರ್ಷ ಮೂರು ತಿಂಗಳ ಕೆಲಸ ನನ್ನ ಕಣ್ಣೆದುರೇ ಹೋಯಿತು. ಆಸಿಡ್‌ನಲ್ಲಿ ಕೆತ್ತಿ, ತೊಳೆದು, ಒಣಗಲು ಬಿಟ್ಟೆ. ಸಂದಿನಲ್ಲಿದ್ದ ನೀರು ಆರುತ್ತ ಆರುತ್ತ ಹಲ್ಲುಗಳನ್ನು ಎಳೆದು, ನೆನೆದ ಪುಸ್ತಕದ ಹಾಳೆಗಳಂತೆ ಅಂಟಿಸಿಬಿಟ್ಟಿತ್ತು. ಮೆದು ಹಗ್ಗಕ್ಕೆ ಅವನ್ನು ಬಿಡಿಸುವ ಬಲವಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಚಿಪ್ ನೋಡಿದೆ. ಒಂದೂ ಅಲುಗಲಿಲ್ಲ. ಆ ಸಂಜೆ ಊರಿಗೆ ಫೋನ್ ಮಾಡಲಿಲ್ಲ. ಈಗ ನೀರಿನ ಬದಲು ದ್ರವ ಇಂಗಾಲದ ಡೈಆಕ್ಸೈಡ್ ತುಂಬಿ, ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ 73 ಪಟ್ಟು ದಾಟಿದ ಮೇಲೆ 31 ಡಿಗ್ರಿಗಿಂತ ಮೇಲೆ ಕಾಯಿಸುತ್ತೇವೆ. ಅಲ್ಲಿ ದ್ರವ, ಅನಿಲ ಅಂತ ಭೇದವೇ ಉಳಿಯುವುದಿಲ್ಲ, ಹಾಗಾಗಿ ಹಲ್ಲುಗಳನ್ನು ಎಳೆಯುವ ದ್ರವದ ಮೇಲ್ಮೈಯೂ ಇಲ್ಲ.

ಅವ್ವನಿಗೆ ಸುಳ್ಳು ಹೇಳಲು ಮನಸ್ಸಾಗದು. ಭೂಕಂಪವನ್ನು ಮೊದಲೇ ಹೇಳುವ ಯಂತ್ರ ಯಾರ ಹತ್ತಿರವೂ ಇಲ್ಲ. ದೂರದ ಊರಿಗಾದರೆ ಮೊದಲ ಅಲೆ ಹಿಡಿದು ಕೆಲವು ಸೆಕೆಂಡು ಮುನ್ನ ಎಚ್ಚರಿಸಬಹುದು. ಕಾಲ ಕೆಳಗೇ ನಡುಗಿದರೆ ಅಷ್ಟೂ ಸಿಗುವುದಿಲ್ಲ. ಆದರೆ ಅಗ್ಗದ ಸೆನ್ಸರ್ ಒಂದೊಂದು ಊರಿನ ಶಾಲೆಯಲ್ಲೂ ಇದ್ದರೆ, ನಡುಗಿದ್ದು ಎಲ್ಲಿ, ಎಷ್ಟು ಆಳದಲ್ಲಿ, ಎಷ್ಟು ಜೋರು ಅಂತ ಊರವರಿಗೆ ಬೇಗ ತಿಳಿಯುತ್ತದೆ. 2021ರಲ್ಲಿ ಅಂಗಳದಲ್ಲಿ ಮಲಗಿದವರಿಗೆ ಅದಾದರೂ ತಿಳಿಯಬೇಕಿತ್ತು.

ಹೋದ ವಾರ ಇದನ್ನೆಲ್ಲ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಎಲ್ಲಿ ನಡುಗ್ಯಾದಂತ ಆದ್ರ ತಿಳೀತದಲ್ಲ? ನೀ ಅಷ್ಟು ಮಾಡು. ಗ್ವಾಡಿ ನಾವು ನೋಡ್ಕೋತೀವಿ.”